ಮೂಸಿ ನೋಡುವ ಪಾಠ

"ಆಂಟಿ, ಬೇಸು ನೀರುಳ್ಳಿ ವಾಸನೆನ ತಿಂದುಬಿಡತ್ತೆ, ಆ್ಯಸಿಡ್ ತಿನ್ನಲ್ಲ!" ಇಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಪಕ್ಕದ ಮನೆಯ ಸಾಗರದವರ ಮಗಳು ಮೊನ್ನೆ ಶಾಲೆಯಿಂದ ಬಂದವಳೇ ಹೇಳಿದ ಮಾತು. ಅವಳಿಗೆ ಕಣ್ಣು ಕಾಣುವುದಿಲ್ಲ. ಅವತ್ತು ಆಮ್ಲ (ಆ್ಯಸಿಡ್) ಯಾವುದು, ಪ್ರತ್ಯಾಮ್ಲ (ಬೇಸು) ಯಾವುದು ಎಂದು ಬಣ್ಣದಿಂದ ತೋರಿಸುವ ಲಿಟ್ಮಸ್ ಬದಲು ಈರುಳ್ಳಿ ಕೊಟ್ಟಿದ್ದರಂತೆ, ಅವಳೊಬ್ಬಳಿಗಲ್ಲ, ಇಡೀ ತರಗತಿಗೆ.

ಚುಚ್ಚಿದ್ದು ಬೇರೆ. ಈ ಪ್ರಯೋಗ ನಮ್ಮ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲೇ ಇದೆ: ಈರುಳ್ಳಿ, ವೆನಿಲಾ, ಲವಂಗದ ಎಣ್ಣೆ. ನಮ್ಮ ಶಿವಮೊಗ್ಗದ ಕಡೆ ಎಷ್ಟೋ ಶಾಲೆಗಳಲ್ಲಿ ಅದು ಬಾಯಿಪಾಠದಲ್ಲೇ ಮುಗಿಯುತ್ತದೆ.

ಖರ್ಚು ಏನೂ ಇಲ್ಲ. ಸಣ್ಣಗೆ ಹೆಚ್ಚಿದ ಈರುಳ್ಳಿಯ ಜೊತೆ ಬಿಳಿ ಹತ್ತಿಬಟ್ಟೆಯ ಪಟ್ಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಗಿಯಾಗಿ ಕಟ್ಟಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಬೇಕು. ಫ್ರಿಜ್ ಇಲ್ಲದಿದ್ದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಸಾಕು. ಮರುದಿನ ಒಂದು ಪಟ್ಟಿಗೆ ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ಹೈಡ್ರೋಕ್ಲೋರಿಕ್ ಆಮ್ಲ, ಇನ್ನೊಂದಕ್ಕೆ ಪ್ರತ್ಯಾಮ್ಲವಾದ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ, ಮೂರನೆಯದಕ್ಕೆ ಬರೀ ನೀರು, ಕೆಲವೇ ಹನಿ. ಮೂರನ್ನೂ ಚೆನ್ನಾಗಿ ತೊಳೆದ ಮೇಲೆಯೇ ಮೂಸುವುದು. ಹೈಡ್ರಾಕ್ಸೈಡ್ 100 ಮಿಲಿ ನೀರಿಗೆ 1.5 ಗ್ರಾಂ ಮೀರಬಾರದು, ಚರ್ಮ ಸುಡುತ್ತದೆ. ಕನ್ನಡಕ, ಕೈಗವಸು ಬೇಕೇ ಬೇಕು. ಹೈಡ್ರಾಕ್ಸೈಡ್ ಬದಲು ಅಡುಗೆ ಸೋಡಾ ಹಾಕಿದರೆ ಆಗದು, ಅದು ದುರ್ಬಲ, ವಾಸನೆ ಪೂರ್ತಿ ಹೋಗುವುದಿಲ್ಲ.

ಕಾರಣ ವೆನಿಲಾದಲ್ಲಿ ಸ್ಪಷ್ಟ. ಅದರ ಪರಿಮಳದ ವಸ್ತು ವೆನಿಲಿನ್ ಒಂದು ಫೀನಾಲ್, ಅಂದರೆ ದುರ್ಬಲ ಆಮ್ಲದಂತೆ ನಡೆದುಕೊಳ್ಳುವ ಜಾತಿಯದು. ಪ್ರತ್ಯಾಮ್ಲ ಸೇರಿದರೆ ಲವಣವಾಗುತ್ತದೆ, ಲವಣ ಗಾಳಿಗೇರುವುದಿಲ್ಲ, ಮೂಗಿಗೆ ಸಿಗುವುದಿಲ್ಲ. ಮತ್ತೆ ಆಮ್ಲ ಹಾಕಿ, ವಾಸನೆ ವಾಪಸ್!

ಕೆಡುವುದು ಚಿಕ್ಕ ಚಿಕ್ಕ ಕಡೆ. ಈರುಳ್ಳಿ ಹೆಚ್ಚಿದವರೇ ಮೂಸಿದರೆ ಕೈಯ ವಾಸನೆಯೇ ಬರುತ್ತದೆ. ನಾಲ್ಕಾರು ಸಲ ಮೂಸಿದರೆ ಮೂಗು ಮಂಕಾಗುತ್ತದೆ, ನಡುವೆ ಹೊರಗೆ ಹೋಗಿ ಬರಬೇಕು. ಪುಸ್ತಕದ ಎರಡನೇ ಪಾಠವೆಂದು ಜೂನ್–ಜುಲೈನಲ್ಲೇ ಮಾಡಿದರೆ ಹೊಸನಗರದ ಮಳೆಗೆ ಅರ್ಧ ತರಗತಿಗೆ ನೆಗಡಿ. ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ.

ಕಣ್ಣು ಕಾಣದ ಮಕ್ಕಳಿಗೆ ಅಳತೆಗೂ ದಾರಿಯಿದೆ. 10 ಮಿಲಿ ಸಿರಿಂಜಿನ (ಸೂಜಿ ಬೇಡ) ದಂಡಿಗೆ 5 ಮಿಲಿ ಎಳೆದಾಗ ಕೊಳವೆಯ ಅಂಚಿಗೆ ಬರುವ ಜಾಗದಲ್ಲಿ ಬ್ಲೇಡಿನಿಂದ ಸಣ್ಣ ಕಚ್ಚು ಹಾಕಿದರೆ ಉಗುರಿಗೆ ತಾಗುತ್ತದೆ. ಹೂವಿನ ಭಾಗ, ಹೃದಯದ ಚಿತ್ರ ರಟ್ಟಿನ ಮೇಲೆ ಫೆವಿಕಾಲ್ ಹಚ್ಚಿ ದಾರ ಕೂರಿಸಿದರೆ ಬೆರಳಿಗೆ ಸಿಗುತ್ತದೆ. ಆದರೆ ಗೆರೆಗಳ ನಡುವೆ ಕನಿಷ್ಠ ಅರ್ಧ ಸೆಂಟಿಮೀಟರ್ ಬಿಡಿ, ಇಲ್ಲದಿದ್ದರೆ ಎಲ್ಲ ಒಂದೇ ಗಂಟು. ಕೆಂಪು–ಹಸಿರು ಗೊಂದಲವಾಗುವ ಮಕ್ಕಳಂತೂ ಯಾರಿಗೂ ಹೇಳುವುದೇ ಇಲ್ಲ. ಸಾರ್ವತ್ರಿಕ ಸೂಚಕದ (ಆಮ್ಲ–ಪ್ರತ್ಯಾಮ್ಲ ಎಷ್ಟು ಪ್ರಬಲವೆಂದು ಬಗೆಬಗೆಯ ಬಣ್ಣದಲ್ಲಿ ತೋರಿಸುವ ದ್ರಾವಣ) ಬಣ್ಣವನ್ನು ಪಕ್ಕದವನಿಂದ ಕದ್ದು ಬರೆಯುತ್ತಾರೆ.

ನಮ್ಮ ಭಾಷೆಯಲ್ಲಿ ನೋಡುವುದು ಕಣ್ಣಿನದೊಂದೇ ಕೆಲಸವಲ್ಲ: ಮುಟ್ಟಿ ನೋಡು, ಮೂಸಿ ನೋಡು, ರುಚಿ ನೋಡು. ಆಲೆಮನೆಯಲ್ಲಿ ಬೆಲ್ಲದ ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಪ್ರಯೋಗಾಲಯಕ್ಕೆ ಬಂದ ಕೂಡಲೇ "ಬಣ್ಣ ನೋಡಿ ಬರೆಯಿರಿ" ಎಂದು ಅದೆಲ್ಲ ಹೊಸ್ತಿಲಾಚೆ ಉಳಿದುಬಿಡುತ್ತದೆ.

ಸಾಯಂಕಾಲ ಅವಳು ಸಾಗರದ ಅಜ್ಜಿಗೆ ಫೋನಿನಲ್ಲಿ ಇದನ್ನೇ ವರದಿ ಒಪ್ಪಿಸಿದಳು. ಅಜ್ಜಿಗೆ ಆಮ್ಲ–ಪ್ರತ್ಯಾಮ್ಲದ ಚಿಂತೆಯಿರಲಿಲ್ಲ.

"ನೀರುಳ್ಳಿ ಕೊಚ್ಚಿದ್ದು ಯಾರೇ ಕೂಸೇ?"

"ಕಣ್ಣು ಕಾಣೋ ಹುಡುಗ್ರು ಅಜ್ಜಿ. ಎಲ್ರೂ ಅಳ್ತಿದ್ರು."