ಸೋಡಾ ಒಂದು ಕಡೆ, ನವಸಾಗರ ಇನ್ನೊಂದು ಕಡೆ

ಪುಣೆ ಜಿಲ್ಲೆಯ ಶಿರೂರು ತಾಲ್ಲೂಕಿನಲ್ಲಿರುವ ಒಂದು ಕುರಿ ಶೆಡ್ಡಿನಲ್ಲಿ ಮೇವಿನ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಮಹಾರಾಷ್ಟ್ರ–ಕರ್ನಾಟಕ ಗಡಿಯ ಜತ್ತ, ಇಂಡಿ ಕಡೆಯಿಂದ 15–16 ಕೆಜಿಯ ಟಗರು ಮರಿ ತರುತ್ತೇವೆ, ಮೂರು ತಿಂಗಳು ಕಟ್ಟಿ ಮೇಯಿಸಿ ಚಾಕಣ ಸಂತೆಗೋ ಮುಂಬೈಯ ದೇವನಾರ ಕಸಾಯಿಖಾನೆಗೋ ಕಳಿಸುತ್ತೇವೆ. ಹೆಚ್ಚಿನವು ಮಾಡಗ್ಯಾಳ ತಳಿಯ, ಬಾಗಿದ ಮೂಗಿನ ಮರಿಗಳು. ಮರಿಗಳ ಹಾಗೆ ನಾವು ಐವರೂ ಆ ಕಡೆಯವರೇ. ಮಾಲೀಕರು ಬಂದಾಗ ಮರಾಠಿ, ಉಳಿದ ಹೊತ್ತು ಕನ್ನಡ.

ಎರಡು ವರ್ಷದ ಹಿಂದೆ, ಜನವರಿಯ ಒಂದು ನಸುಕಿನಲ್ಲಿ ಕಾಕಾ ನನ್ನ ಬಾಗಿಲು ಬಡಿದರು. ಹುಟ್ಟಿದಾಗಿನಿಂದ ಕುರಿ ಕಾಯ್ದವರು, ಇಂಡಿಯವರು.

“ತಮ್ಮಾ, ಮೂರನೇ ದೊಡ್ಡಿಯೊಳಗ ಒಂದು ಟಗರು ಹಿಂಗಾಲು ಚಾಚಿ ನಿಂತೈತಿ. ಉಚ್ಚಿ ಕಟ್ಟೈತಿ.”

ಹೋಗಿ ನೋಡಿದರೆ ಮರಿ ಬೆನ್ನು ತಗ್ಗಿಸಿ ತಿಣುಕುತ್ತಿತ್ತು, ಬಾಲ ಒಂದೇ ಸಮ ಅದುರುತ್ತಿತ್ತು. ಕಾಕಾ ಅದರ ಹೊಟ್ಟೆಯ ಕೆಳಗೆ ಕೈ ಹಾಕಿ, ಉಚ್ಚೆ ಬರುವ ಜಾಗದ ಕೂದಲನ್ನು ಎರಡು ಬೆರಳಲ್ಲಿ ಉಜ್ಜಿ, ಬ್ಯಾಟರಿ ಬೆಳಕಿಗೆ ಹಿಡಿದರು. ಬೆರಳ ಮೇಲೆ ಬಿಳಿ ಉಸುಕು. “ನಾಕ್ ದಿನದ ಹಿಂದೆ ಕೂದಲಿಗೆ ಉಸುಕು ಹತ್ತೈತಿ ಅಂತ ಹೇಳಿದ್ನಲ್ಲ ತಮ್ಮಾ,” ಅಂದರು. ಹೇಳಿದ್ದರು. ನಾನು ಅದನ್ನು ನೆಲದ ಧೂಳು ಎಂದು ಬಿಟ್ಟಿದ್ದೆ.

ಡಾಕ್ಟರು ಬಂದು ಮರಿಯನ್ನು ಕುಂಡೆಯ ಮೇಲೆ ಕೂರಿಸಿಕೊಂಡು ಶಿಶ್ನ ಹೊರತೆಗೆದರು. ಟಗರಿಗೆ ಅದರ ತುದಿಯಲ್ಲಿ ದಾರದಂಥ ಸಣ್ಣ ನಾಳ ಇರುತ್ತದೆ, ಮೂತ್ರದಲ್ಲಿ ಕಟ್ಟುವ ಹರಳು, ಅಂದರೆ ಆ ಬಿಳಿ ಉಸುಕೇ, ಮೊದಲು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಅಲ್ಲೇ. ಅದನ್ನು ಕತ್ತರಿಸಿದ ಕೂಡಲೇ ಮೊದಲು ಹನಿ, ಆಮೇಲೆ ಧಾರೆ. ಆ ಮರಿ ಉಳಿಯಿತು. ಮಧ್ಯಾಹ್ನ ಇನ್ನೊಂದು ಸಿಕ್ಕಿತು, ಅದರ ಮೂತ್ರಕೋಶ ಆಗಲೇ ಒಡೆದು ಹೊಟ್ಟೆಯೆಲ್ಲ ನೀರು. ಅದು ಹೋಯಿತು.

ನನಗೆ ಅರ್ಥವಾಗದಿದ್ದದ್ದು ಒಂದೇ: ಹರಳಾಗಬಾರದು ಎಂದು ನಾವು ಮೇವಿಗೆ ಅಮೋನಿಯಂ ಕ್ಲೋರೈಡ್ ಹಾಕುತ್ತಲೇ ಇದ್ದೆವು. ಕಲಾಯಿ ಹಾಕುವವರು ಬಳಸುವ ನವಸಾಗರವೇ ಇದು, ಮೇವಿಗೆ ಶುದ್ಧ ದರ್ಜೆಯದು ಬೇಕು. ಆದರೂ ಹೀಗೇಕೆ?

ಡಾಕ್ಟರು ಮೇವಿನ ಚೀಟಿ ಕೇಳಿದರು. ಮೆಕ್ಕೆಜೋಳದ ನುಚ್ಚು, ಗೋಧಿ ಬೂಸಾ ಬಹಳ, ಶೇಂಗಾ ಹಿಂಡಿ, ಮಿನರಲ್ ಮಿಕ್ಸ್ಚರ್, ಯೀಸ್ಟ್, ಅಡಿಗೆ ಸೋಡಾ, ನವಸಾಗರ. ಓದುತ್ತ ಹೋಗಿ ಸೋಡಾದ ಮೇಲೆ ಬೆರಳಿಟ್ಟರು. ಈ ಹರಳು ಕಟ್ಟುವುದು ಮೂತ್ರ ಕ್ಷಾರವಾಗಿದ್ದಾಗ. ನವಸಾಗರ ಮೂತ್ರವನ್ನು ಹುಳಿ ಕಡೆಗೆ ಒಯ್ಯುತ್ತದೆ, ಸೋಡಾ ಕ್ಷಾರದ ಕಡೆಗೆ ಎಳೆಯುತ್ತದೆ. ಕಾಳು ಹೆಚ್ಚಾಗಿ ಹೊಟ್ಟೆ ಹುಳಿಯಾಗದಿರಲಿ ಎಂದು ಒಬ್ಬರ ಮಾತು ಕೇಳಿ ಸೋಡಾ, ಹರಳಾಗದಿರಲಿ ಎಂದು ಇನ್ನೊಬ್ಬರ ಮಾತು ಕೇಳಿ ನವಸಾಗರ. ಎರಡು ಸಲಹೆಯೂ ಸರಿಯಾದವೇ. ಎರಡನ್ನೂ ಒಂದೇ ರಾಶಿಗೆ ಸುರಿದವನು ನಾನು.

ಅಳತೆಯೂ ತಪ್ಪಿತ್ತು. ನವಸಾಗರ ಹಾಕಬೇಕಾದ್ದು ಒಟ್ಟು ಆಹಾರದ 0.5%, ಅಂದರೆ ಒಣಮೇವೂ ಸೇರಿ ದಿನಕ್ಕೆ 1 ಕೆಜಿ ತಿನ್ನುವ ಮರಿಗೆ 5 ಗ್ರಾಂ. ನಾನು ಕೈತಿಂಡಿಯ, ಅಂದರೆ ನುಚ್ಚು, ಬೂಸಾ, ಹಿಂಡಿಯ ಮಿಶ್ರಣದ ತೂಕಕ್ಕಷ್ಟೇ 0.5% ಹಿಡಿದಿದ್ದೆ. ಕೈತಿಂಡಿ 600 ಗ್ರಾಂ ಇದ್ದರೆ ಹೊಟ್ಟೆಗೆ ಹೋಗಿದ್ದು 3 ಗ್ರಾಂ. ಅದೂ ಸಮನಾಗಿ ಬೆರೆತಿದ್ದರೆ. ಅದರ ರುಚಿ ಮರಿಗಳಿಗೆ ಸೇರುವುದಿಲ್ಲ, ಗಂಟು ಸಿಕ್ಕರೆ ಬದಿಗೆ ಸರಿಸುತ್ತವೆ. ಈಗ ಮೊದಲು ಹತ್ತು ಕೆಜಿ ಬೂಸಾದಲ್ಲಿ ಕಲಸಿ, ಆಮೇಲೆ ದೊಡ್ಡ ರಾಶಿಗೆ ಸೇರಿಸುತ್ತೇವೆ.

ಪುಡಿಗಳ ಲೆಕ್ಕ ಇಷ್ಟು. ಆದರೆ ಅಂದು ನನ್ನ ಕಣ್ಣು ತೆರೆಸಿದ್ದು ಕಣಕಿ, ಅಂದರೆ ಜೋಳದ ಒಣ ದಂಟು.

ಬೇಗ ಮೈ ತುಂಬಲಿ ಎಂದು ನಾನು ಜೋಳದ ಕಣಕಿ ಕಡಿಮೆ ಮಾಡಿದ್ದೆ. ಕುರಿಯ ಜೊಲ್ಲಿನಲ್ಲೇ ಸೋಡಾ ಇದೆ, ಚೆನ್ನಾಗಿ ಮೆಲುಕು ಹಾಕುವ ಕುರಿ ದಿನಕ್ಕೆ ಲೀಟರುಗಟ್ಟಲೆ ಜೊಲ್ಲು ನುಂಗುತ್ತದೆ. ಉದ್ದನೆಯ ಒಣಮೇವು ಇಲ್ಲದಿದ್ದರೆ ಮೆಲುಕಿಲ್ಲ, ಮೆಲುಕಿಲ್ಲದಿದ್ದರೆ ಜೊಲ್ಲಿಲ್ಲ. ಆಗ ಹೊಟ್ಟೆ ಹುಳಿಯಾಗುತ್ತದೆ, ನಾವು ಅಂಗಡಿಯ ಸೋಡಾ ತರುತ್ತೇವೆ. ಇನ್ನೂ ಒಂದಿದೆ. ರಕ್ತದಲ್ಲಿ ಹೆಚ್ಚಾದ ರಂಜಕವನ್ನು (ಫಾಸ್ಫರಸ್) ಕುರಿ ಜೊಲ್ಲಿನ ಮೂಲಕ ಹೊಟ್ಟೆಗೆ ಬಿಟ್ಟು ಹಿಕ್ಕೆಯಲ್ಲಿ ಹೊರಹಾಕುತ್ತದೆ. ಜೊಲ್ಲು ಕಡಿಮೆಯಾದರೆ ಅದು ಮೂತ್ರದ ದಾರಿ ಹಿಡಿಯುತ್ತದೆ, ಅಲ್ಲಿ ಹರಳಾಗುತ್ತದೆ. ಗೋಧಿ ಬೂಸಾದಲ್ಲಿ ರಂಜಕ ಸುಮಾರು 1%, ಕ್ಯಾಲ್ಸಿಯಂ ಬರೀ 0.1% ಆಸುಪಾಸು. ಮೆಕ್ಕೆಜೋಳದಲ್ಲೂ ಕ್ಯಾಲ್ಸಿಯಂ ಇಲ್ಲದ ಹಾಗೆಯೇ. ರಂಜಕದ ಎರಡು ಪಟ್ಟು ಕ್ಯಾಲ್ಸಿಯಂ ಇರಬೇಕಾದಲ್ಲಿ ನಮ್ಮದು ತಿರುವುಮುರುವು. ಅದರ ಮೇಲೆ ಚಳಿ, ತೊಟ್ಟಿಯ ನೀರು ಕೊರೆಯುತ್ತಿತ್ತು, ಮರಿಗಳು ಬಾಯಿ ತೇವ ಮಾಡಿಕೊಂಡು ಬರುತ್ತಿದ್ದವು.

ಮರುದಿನವೇ ಬೂಸಾ ಅರ್ಧಕ್ಕೆ ಇಳಿಸಿದೆವು, ಮೇವಿಗೆಂದೇ ಸಿಗುವ ಸುಣ್ಣಕಲ್ಲಿನ ಪುಡಿ ಸೇರಿಸಿದೆವು, ನೀರು ಹೆಚ್ಚು ಕುಡಿಯಲೆಂದು ಉಪ್ಪು ಏರಿಸಿದೆವು, ಚಳಿಗಾಲದ ಬೆಳಿಗ್ಗೆ ತೊಟ್ಟಿಗೆ ಬೋರಿನ ಬೆಚ್ಚಗಿನ ನೀರು ಬಿಡತೊಡಗಿದೆವು. ಸೋಡಾ ನಿಲ್ಲಿಸಿದೆವು. ಕಣಕಿ ಮೊದಲು, ಅರ್ಧ ತಾಸು ಬಿಟ್ಟು ಕೈತಿಂಡಿ. ಹೊಸ ಮರಿ ಬಂದರೆ ಕಾಳನ್ನು 100 ಗ್ರಾಂನಿಂದ ಶುರುಮಾಡಿ ಮೂರು ವಾರದಲ್ಲಿ ಏರಿಸುತ್ತೇವೆ, ನುಚ್ಚು ದಪ್ಪಗೇ ಇರಬೇಕು. ಯೀಸ್ಟ್ ಇಟ್ಟುಕೊಂಡಿದ್ದೇವೆ. ಅದು ಹುಳಿ ತಿನ್ನುವ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಬಲ ಕೊಡುತ್ತದೆ, ಕಾಳು ಏರಿಸುವ ದಿನಗಳಲ್ಲಿ ಹಿಕ್ಕೆ ಬಿಡಿಬಿಡಿಯಾಗಿ ಉಳಿದದ್ದನ್ನು ನಾನೇ ನೋಡಿದ್ದೇನೆ.

ಆಕಳಿನ ಮಿನರಲ್ ಮಿಕ್ಸ್ಚರ್ ಬಗ್ಗೆಯೂ ಒಂದು ಮಾತು, ಏಕೆಂದರೆ ಅಂದು ಚೀಟಿಯಲ್ಲಿದ್ದದ್ದು ಅದೇ. ಅದರಲ್ಲಿ ತಾಮ್ರ ಹೆಚ್ಚು. ಕುರಿಯ ಯಕೃತ್ತು ತಾಮ್ರವನ್ನು ಕೂಡಿಟ್ಟುಕೊಂಡು ಒಂದು ದಿನ ಒಮ್ಮೆಲೇ ರಕ್ತಕ್ಕೆ ಬಿಡುತ್ತದೆ, ಕಣ್ಣು ಹಳದಿಯಾಗಿ, ಉಚ್ಚೆ ಕಪ್ಪಾಗಿ ಮರಿ ಸಾಯುತ್ತದೆ. ದಯವಿಟ್ಟು ಚೀಲದ ಮೇಲೆ ಕುರಿ ಎಂದು ಬರೆದದ್ದನ್ನೇ ತನ್ನಿ.

ತೂಕದ ಪುಸ್ತಕದಲ್ಲಿ ಈಗ ಒಂದು ಹೊಸ ಮನೆ ಗೀಚಿದ್ದೇನೆ, ತಲೆಬರಹ ‘ಕೂದಲು’. ಪ್ರತಿ ಸೋಮವಾರ ತೂಕ ಹಾಕುವಾಗ ಕಾಕಾ ಒಂದೊಂದೇ ಟಗರಿನ ಹೊಟ್ಟೆಯ ಕೆಳಗೆ ಬೆರಳಾಡಿಸಿ ಕೂಗುತ್ತಾರೆ, ನಾನು ಬರೆದುಕೊಳ್ಳುತ್ತೇನೆ: ಹಸಿ, ಹಸಿ, ಒಣ, ಹಸಿ. ‘ಒಣ’ ಅಂದದ್ದಕ್ಕೆ ಕೆಂಪು ದಾರ ಕಟ್ಟಿ, ಅದು ಉಚ್ಚೆ ಹೊಯ್ಯುವವರೆಗೆ ಒಬ್ಬರು ಅಲ್ಲೇ ನಿಲ್ಲುತ್ತೇವೆ.