ಹುಲ್ಲಿನ ಹೊರೆಯ ಹಿಂದೆ

2025 ಜನವರಿ 5, ಭಾನುವಾರ
ಮೈಸೂರು

ಆರು ಗಂಟೆಗೆ ಸೈಕಲ್ ಹೊರಗೆ ತೆಗೆಯುವಾಗ ಎದುರು ಮನೆಯವರು ಧನುರ್ಮಾಸದ ಪೂಜೆ ಮುಗಿಸಿ, ಹುಗ್ಗಿಯ ದೊನ್ನೆ ಹಿಡಿದು ಗೇಟು ತೆರೆಯುತ್ತಿದ್ದರು. ನನ್ನ ಪಾಲಿಗೆ ಇದ್ದದ್ದು ನಿಧಾನವಾಗಿ ತುಳಿಯುವ ಶಿಕ್ಷೆ. ಎರಡೂವರೆ ಗಂಟೆ ತುಳಿಯಬೇಕು, ನಾಡಿಬಡಿತ 130 ದಾಟಬಾರದು, ಜೊತೆಯಲ್ಲಿ ಯಾರಾದರೂ ಇದ್ದರೆ ಏದುಸಿರಿಲ್ಲದೆ ಪೂರ್ತಿ ವಾಕ್ಯ ಆಡಲು ಬರಬೇಕು.

ಈ ವ್ರತ ಹಿಡಿದು ಮೂರು ವಾರವಾಯಿತು. ಅದಕ್ಕೆ ಮೊದಲು ಆರು ತಿಂಗಳು ಮಾಡಿದ್ದು ಒಂದೇ ಕೆಲಸ. ದಿನಾ ತಾವರೆಕಟ್ಟೆಯಿಂದ ಚಾಮುಂಡಿ ಬೆಟ್ಟದ ತುದಿಗೆ ಜೀವ ಬಾಯಿಗೆ ಬರುವಂತೆ ತುಳಿಯುವುದು, ಮೇಲೆ ನಿಂತು ಗಡಿಯಾರ ನೋಡುವುದು. ಮೊದಲ ಎರಡು ತಿಂಗಳಲ್ಲಿ 31 ನಿಮಿಷವಿದ್ದದ್ದು 24ಕ್ಕೆ ಇಳಿಯಿತು. ಆಮೇಲೆ 24ರಲ್ಲೇ ಗೂಟ ಹೊಡೆದುಕೊಂಡು ಕೂತುಬಿಟ್ಟಿತು.

ಸಹಜವಾಗಿಯೇ ತಪ್ಪು ಸೈಕಲ್ಲಿನದು ಎನ್ನಿಸಿತು. 300 ಗ್ರಾಂ ಹಗುರವಾದ ಕಾರ್ಬನ್ ಚಕ್ರಗಳ ಮೇಲೆ ಕಣ್ಣು ಬಿತ್ತು. ಬೆಲೆ ನನ್ನ ಒಂದೂವರೆ ತಿಂಗಳ ಸಂಬಳ. ಪುಣ್ಯಕ್ಕೆ ಕೊಳ್ಳುವ ಮೊದಲು ಲೆಕ್ಕ ಹಾಕಿದೆ. ನಾನು, ಸೈಕಲ್, ನೀರು ಎಲ್ಲ ಸೇರಿ 80 ಕಿಲೋ. ನನ್ನ ಮೀಟರ್ ತೋರಿಸುವಂತೆ ಏರು ಸುಮಾರು 250 ಮೀಟರ್. ಅಷ್ಟು ಭಾರವನ್ನು ಅಷ್ಟೆತ್ತರಕ್ಕೆ 24 ನಿಮಿಷದಲ್ಲಿ ಎತ್ತುವುದಕ್ಕೇ 136 ವ್ಯಾಟ್ ಬೇಕು. ಗಾಳಿ, ಟೈರಿನ ಉಜ್ಜಾಟ ಬೇರೆ. ಅದೇ ಕಾಲಬಲಕ್ಕೆ ಒಂದು ಕಿಲೋ ಇಳಿದರೆ ಉಳಿಯುವುದು ಹೆಚ್ಚೆಂದರೆ 18 ಸೆಕೆಂಡ್. ಆ ಚಕ್ರಗಳಿಂದ ಐದು. ಎರಡನೇ ನೀರಿನ ಬಾಟಲಿಯನ್ನು ಮನೆಯಲ್ಲಿ ಬಿಟ್ಟರೆ ಒಂಬತ್ತು! ಬಾಟಲಿ ಬಿಟ್ಟೆ, ಚಕ್ರವನ್ನೂ ಬಿಟ್ಟೆ.

ಕೊರತೆ ಇದ್ದದ್ದು ವಿಶ್ರಾಂತಿಯಲ್ಲಿ. ನಾರ್ವೆಯಲ್ಲಿ ನೆಲೆಸಿರುವ ಅಮೆರಿಕದ ಕ್ರೀಡಾ ವಿಜ್ಞಾನಿ ಸ್ಟೀಫನ್ ಸೈಲರ್ ಅವರು ಉನ್ನತ ಮಟ್ಟದ ಸ್ಕೀಯಿಂಗ್, ರೋಯಿಂಗ್ ಪಟುಗಳ ಅಭ್ಯಾಸವನ್ನು ಗಮನಿಸಿದಾಗ, ಹತ್ತು ಸಲದ ಅಭ್ಯಾಸದಲ್ಲಿ ಸುಮಾರು ಎಂಟು ಸಲ ಅವರು ಹಗುರವಾಗಿಯೇ ದುಡಿಯುತ್ತಿದ್ದರಂತೆ. ಉಳಿದೆರಡು ಸಲ ಮಾತ್ರ ಮೈ ಮುರಿಯುವ ಕೆಲಸ. ನಾನು ಏಳು ದಿನವೂ ಮೈ ಮುರಿದುಕೊಂಡು, ಯಾವ ದಿನವೂ ಸರಿಯಾಗಿ ಮುರಿಯಲಾಗದಷ್ಟು ದಣಿದಿರುತ್ತಿದ್ದೆ.

ಇವತ್ತು ತಿ. ನರಸೀಪುರ ರಸ್ತೆ ಹಿಡಿದು ವರುಣ ದಾಟಿ ನಾಲೆಯ ಕಡೆಗೆ ತಿರುಗಿದೆ. ಮಂಜಿತ್ತು, ಎದುರುಗಾಳಿಯೂ ಇತ್ತು. ಹಿಂದಿನಿಂದ ಕಿರ್ರ್ ಕಿರ್ರ್ ಸದ್ದು. ಎಪ್ಪತ್ತರ ಆಸುಪಾಸಿನ ಯಜಮಾನರು, ತಲೆಗೆ ಮಫ್ಲರ್, ಕಾಲಲ್ಲಿ ಹವಾಯಿ ಚಪ್ಪಲಿ, ಕ್ಯಾರಿಯರ್ ಮೇಲೆ ಬೆನ್ನಿಗಿಂತ ಅಗಲವಾದ ಹಸಿಹುಲ್ಲಿನ ಹೊರೆ. ನನ್ನನ್ನು ಹಿಂದಿಕ್ಕುತ್ತಾ ಒಮ್ಮೆ ನೋಡಿ, ‘ಸೈಕಲ್ ಕೆಟ್ಟಿದೆಯೇನಪ್ಪಾ?’ ಎಂದರು.

ಮೈಯೆಲ್ಲ ಉರಿಯಿತು. ಅವರನ್ನು ಹಿಂದಿಕ್ಕಲು ಒಂದೇ ಗೇರ್ ಏರಿಸಿದರೆ ಸಾಕಿತ್ತು. ನಾಡಿ ತುಳಿತಕ್ಕಲ್ಲ, ಅವಮಾನಕ್ಕೇ 131 ಮುಟ್ಟಿತು. ಆದರೆ ಅವರ ಹಿಂದೆ ಒಂದು ಮಾರು ದೂರದಲ್ಲಿ ಸೇರಿಕೊಂಡಾಗ ಮುಖಕ್ಕೆ ಹೊಡೆಯುತ್ತಿದ್ದ ಗಾಳಿ ನಿಂತುಹೋಯಿತು. ಹುಲ್ಲಿನ ಹೊರೆ ಗೋಡೆಯಂತೆ ಅಡ್ಡವಾಗಿತ್ತು. ಅದೇ ವೇಗ, ನಾಡಿ 122. ಒದ್ದೆ ಹುಲ್ಲಿನ ವಾಸನೆ ಕುಡಿಯುತ್ತಾ ಅವರ ಊರಿನ ತಿರುವಿನವರೆಗೂ ಹಾಗೆಯೇ ಹೋದೆ. ಅವರಿಗೆ ಇದು ಗೊತ್ತಾಗಿದ್ದರೆ ಹೊರೆಗೆ ಬಾಡಿಗೆ ಕೇಳುತ್ತಿದ್ದರೋ ಏನೋ.

ಕಳೆದ ತಿಂಗಳ ಮೊದಲ ಸ್ಪರ್ಧೆಯಲ್ಲಿ ಈ ಬುದ್ಧಿ ಎಲ್ಲಿ ಹೋಗಿತ್ತು? 40 ಕಿಲೋಮೀಟರ್ ಸೈಕಲ್ ಓಟ. ಮೊದಲ 15 ಕಿಲೋಮೀಟರ್ ನಾನೇ ಮುಂದೆ. ಹಿಂದೆ ಅಷ್ಟೂ ಜನ ಸಾಲಾಗಿ ಅಂಟಿಕೊಂಡು ಬರುತ್ತಿದ್ದುದನ್ನು ಕಂಡು, ನನ್ನನ್ನು ಹಿಡಿಯಲಾಗುತ್ತಿಲ್ಲ ಎಂದು ಬೀಗಿದ್ದೆ. ಅವರು ನನ್ನನ್ನು ಹಿಡಿಯುತ್ತಿರಲಿಲ್ಲ, ನನ್ನ ಮರೆಯಲ್ಲಿ ತಣ್ಣಗೆ ಕೂತಿದ್ದರು. ಸಮತಟ್ಟಿನಲ್ಲಿ ಗಂಟೆಗೆ 35 ಕಿಲೋಮೀಟರ್ ವೇಗದಲ್ಲಿ ಶಕ್ತಿಯ ಬಹುಪಾಲನ್ನು ತಿನ್ನುವುದು ಗಾಳಿ. ಹಿಂದೆ ಕೂತವನಿಗೆ ಶ್ರಮದಲ್ಲಿ ಕಾಲು ಭಾಗಕ್ಕೂ ಹೆಚ್ಚು ಉಳಿತಾಯ. 22ನೇ ಕಿಲೋಮೀಟರಿನಲ್ಲಿ ಅವರೆಲ್ಲ ಎದ್ದು ಹೊರಟಾಗ ನನ್ನ ತೊಡೆಗಳು ಹಸಿ ಮರದ ತುಂಡುಗಳಾಗಿದ್ದವು. ಬೆಳಿಗ್ಗೆ ಬರೀ ಕಾಫಿ ಕುಡಿದು ಹೋಗಿದ್ದು ಇನ್ನೊಂದು ಮೂರ್ಖತನ. ಈಗ ದೂರದ ಸವಾರಿಗೆ ಹೊರಟರೆ ಬಾಳೆಹಣ್ಣು, ಮಂಡ್ಯದ ಬೆಲ್ಲದ ಅಚ್ಚು ಜೇಬಿನಲ್ಲಿರುತ್ತವೆ. ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಹೊಟ್ಟೆಗೆ ಬೀಳಬೇಕು. ಬೆಲ್ಲ ಬೆವರಿಗೆ ಕರಗಿ ಜೇಬಿಗೆ ಇರುವೆ ಮುತ್ತುವುದು ಮಾತ್ರ ಯಾವ ತರಬೇತಿ ಪುಸ್ತಕದಲ್ಲೂ ಇಲ್ಲ.

ವಾಪಸು ಬರುವಾಗ ಒಂದು ಹಳ್ಳಿಯ ಮುಂದೆ ರಸ್ತೆಯ ಉದ್ದಕ್ಕೂ ಹುರುಳಿ ಹರಡಿದ್ದರು. ಕಾರು, ಟ್ರ್ಯಾಕ್ಟರ್ ಹರಿದು ಕಾಳು ಬಿಡಿಸಲಿ ಎಂಬ ಉಪಾಯ. ಬಳ್ಳಿ, ಗೇರ್ ಬದಲಿಸುವ ಡಿರೇಲರಿನ ಪುಟ್ಟ ಚಕ್ರಗಳಿಗೆ ಜಡೆ ಹೆಣೆದಂತೆ ಸುತ್ತಿಕೊಂಡು ಪೆಡಲ್ ಕಚ್ಚಿಕೊಂಡಿತು. ಹದಿನೈದು ನಿಮಿಷ ರಸ್ತೆ ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಬಿಡಿಸಿದೆ.

ಮನೆಯಲ್ಲಿ ಅಮ್ಮ ನನ್ನ ಮುಖ ನೋಡಿ, ‘ಬೆವರೇ ಬಂದಿಲ್ಲ, ಎಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆ?’ ಎಂದಳು. ಹಳೆಯ ಟೂತ್‌ಬ್ರಷ್‌ನಿಂದ ಚೈನ್ ಉಜ್ಜಿದಾಗ ಏಳು ಹುರುಳಿ ಕಾಳು ನೆಲಕ್ಕೆ ಬಿದ್ದವು.

ಮಂಗಳವಾರ ಬೆಟ್ಟದಲ್ಲಿ ಭಕ್ತರ ಸಂದಣಿ. ಬುಧವಾರ ಹೋಗುತ್ತೇನೆ: ನಾಲ್ಕು ನಿಮಿಷದ ಜೋರು ಏರು ನಾಲ್ಕು ಸಲ, ನಡುವೆ ಮೂರು ಮೂರು ನಿಮಿಷ ಬಿಡುವು. ತುದಿ ಮುಟ್ಟಿ ಗಡಿಯಾರ ನೋಡುವುದಿಲ್ಲ ಎಂದು ಬರೆಯಲು ಹೊರಟೆ. ಸುಳ್ಳು, ನೋಡುತ್ತೇನೆ.