ಪವರ್ ಸ್ಟೀರಿಂಗ್ ಆಯಿಲ್: ಬಣ್ಣ ನೋಡಿ ಸುರಿಯಬೇಡಿ

ಮೊದಲು ಬಾನೆಟ್ ಎತ್ತಿ, ನಿಮ್ಮ ಕಾರಿಗೆ ಈ ಆಯಿಲ್ ಬೇಕೋ ಬೇಡವೋ ನೋಡಿಕೊಳ್ಳಿ. ಈಚಿನ ಬಹಳಷ್ಟು ಕಾರುಗಳಲ್ಲಿ ಸ್ಟೀರಿಂಗ್ ಹಗುರ ಮಾಡುವುದು ಎಲೆಕ್ಟ್ರಿಕ್ ಮೋಟರ್. ಅಲ್ಲಿ ಆಯಿಲೂ ಇಲ್ಲ, ಅದರ ಡಬ್ಬಿಯೂ ಇಲ್ಲ. ಎಂಜಿನ್ನೇ ಪಂಪ್ ಓಡಿಸುವ ಹಳೆಯ ಬಗೆಗೂ, ಮೋಟರಿನಿಂದ ಪಂಪ್ ಓಡಿಸುವ ಬಗೆಗೂ ಆಯಿಲ್ ಬೇಕು.

ಯಾವ ಆಯಿಲ್ ಎಂಬುದು ಸಾಮಾನ್ಯವಾಗಿ ಡಬ್ಬಿಯ ಮುಚ್ಚಳದ ಮೇಲೆಯೇ ಅಚ್ಚಾಗಿರುತ್ತದೆ. ಅಳಿಸಿಹೋಗಿದ್ದರೆ ಕಾರಿನ ಮ್ಯಾನ್ಯುಯಲ್ ನೋಡಿ. ಸ್ಥೂಲವಾಗಿ ಮೂರು ಗುಂಪು. ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಟಿಎಫ್ ಅನ್ನೇ ಸ್ಟೀರಿಂಗಿಗೂ ಬಳಸುವ ಕಾರುಗಳು ಒಂದು. ಟೊಯೋಟಾದ ಅನೇಕ ಹಳೆಯ ಮಾದರಿಗಳು ಎಟಿಎಫ್‌ನದೇ ಬಗೆಯಾದ ಡೆಕ್ಸ್‌ರಾನ್ 2 ಅಥವಾ 3 ಕೇಳುತ್ತವೆ. ಸಿಎಚ್‌ಎಫ್ 11ಎಸ್‌ನಂಥ ಸಿಂಥೆಟಿಕ್ ಹೈಡ್ರಾಲಿಕ್ ಆಯಿಲ್ ಎರಡನೆಯದು. ಯುರೋಪಿನ ಕಾರುಗಳಲ್ಲಿ ಹೆಚ್ಚು. ಹೋಂಡಾದ ಹಾಗೆ ತನ್ನದೇ ಆಯಿಲ್ ಹೇಳುವ ಕಂಪನಿಗಳದು ಮೂರನೆಯದು. ಬ್ರ್ಯಾಂಡ್ ನೋಡಿ ಊಹಿಸಲಾಗದು: ಬಿಎಂಡಬ್ಲ್ಯೂನ ಕೆಲವು ಮಾದರಿಗಳಿಗೆ ಎಟಿಎಫ್, ಕೆಲವಕ್ಕೆ ಸಿಎಚ್‌ಎಫ್.

ಎಟಿಎಫ್, ಸಿಎಚ್‌ಎಫ್ ಎರಡೂ ಆಯಿಲೇ ತಾನೆ, ವ್ಯತ್ಯಾಸವೇನು? ತೆಳುವು. 40 ಡಿಗ್ರಿಯಲ್ಲಿ ಸಿಎಚ್‌ಎಫ್ 11ಎಸ್‌ನ ಸ್ನಿಗ್ಧತೆ ಡೆಕ್ಸ್‌ರಾನ್ 3ರ ಸುಮಾರು ಅರ್ಧ. ಎಟಿಎಫ್‌ಗೆಂದು ಮಾಡಿದ ಪಂಪಿಗೆ ಅದನ್ನು ಹಾಕಿದರೆ ಬಿಸಿಯಾದಾಗ ಒಳಗೊಳಗೇ ಸೋರಿ ಒತ್ತಡ ಬೀಳಬಹುದು; ಐಡಲ್‌ನಲ್ಲಿ ಸ್ಟೀರಿಂಗ್ ಭಾರವೆನಿಸುತ್ತದೆ. ತಿರುಗುಮುರುಗಾದರೆ ಚಳಿಯ ಬೆಳಗ್ಗೆ ಪಂಪ್ ದಪ್ಪ ಆಯಿಲನ್ನು ಎಳೆಯಲಾರದೆ ಕೊಂಯ್ ಎನ್ನುತ್ತದೆ. ಆಯಿಲಿನಲ್ಲಿರುವ ಅಡಿಟಿವ್‌ಗಳು ಸೀಲಿನ ರಬ್ಬರಿಗೆ ಒಗ್ಗದಿದ್ದರೆ ಅದು ಉಬ್ಬುತ್ತದೆ ಇಲ್ಲವೇ ಕುಗ್ಗುತ್ತದೆ. ಇದು ಅಂದೇ ಗೊತ್ತಾಗುವುದಿಲ್ಲ, ತಿಂಗಳುಗಳಾದ ಮೇಲೆ, ಸ್ಟೀರಿಂಗ್ ತಿರುಗಿಸಿದಾಗ ಚಕ್ರಗಳನ್ನು ತಿರುಗಿಸುವ ರ್‍ಯಾಕ್ ಸೋರತೊಡಗುತ್ತದೆ. ಬ್ರೇಕ್ ಆಯಿಲನ್ನಂತೂ ಒಂದು ಹನಿಯೂ ಹಾಕಬೇಡಿ. ಹಾಕಿಬಿಟ್ಟಿದ್ದರೆ ಎಂಜಿನ್ ಸ್ಟಾರ್ಟ್ ಮಾಡದೆ ಪೂರ್ತಿ ತೆಗೆಸಿ.

ಎಟಿಎಫ್ ಕೆಂಪು, ಸಿಎಚ್‌ಎಫ್ ಹಸಿರು ಎಂಬ ಲೆಕ್ಕ ಸಾಮಾನ್ಯವಾಗಿ ಸರಿಯೇ, ಆದರೆ ಬಣ್ಣವೆಂದರೆ ಬೆರೆಸಿದ ಡೈ ಅಷ್ಟೆ, ಗುಣಮಟ್ಟದ ಗುರುತಲ್ಲ. 'ಎಲ್ಲ ಕಾರುಗಳಿಗೂ' ಎಂದು ಬರೆದ ಬಾಟಲಿಯ ಹಿಂಭಾಗ ತಿರುಗಿಸಿ. ನಿಮಗೆ ಬೇಕಾದ ಸ್ಪೆಸಿಫಿಕೇಶನ್ ಅಲ್ಲಿಲ್ಲದಿದ್ದರೆ ವಾಪಸ್ ಇಡಿ. ಡೆಕ್ಸ್‌ರಾನ್ 3ಕ್ಕೆ ಲೈಸೆನ್ಸ್ ಕೊಡುವುದನ್ನು ಜನರಲ್ ಮೋಟರ್ಸ್ 2006ರ ಕೊನೆಗೇ ನಿಲ್ಲಿಸಿದೆ. ಈಗ ಆ ಹೆಸರಿನಲ್ಲಿ ಸಿಗುವುದು ಆಯಿಲ್ ಮಾಡಿದವರ ಸ್ವಂತ ಭರವಸೆ, ಹಾಗಾಗಿ ಹೆಸರುಳ್ಳ ತಯಾರಕರದೇ ಕೊಳ್ಳುವುದು ಮೇಲು.

ಒಳಗೆ ಏನಿದೆ ಎಂದೇ ತಿಳಿಯದಿದ್ದರೆ ಟಾಪ್‌ಅಪ್ ಬೇಡ, ಬದಲಿಸಿ. ಸಿರಿಂಜಿನಿಂದ ಡಬ್ಬಿ ಬರಿದು ಮಾಡಿ ಹೊಸದು ತುಂಬುವುದು ಸುಲಭ, ಆದರೆ ಲೆಕ್ಕ ನೋಡಿ: ಒಟ್ಟು 1 ಲೀಟರಿನಲ್ಲಿ ಪ್ರತಿಸಲ 400 ಮಿಲಿ ತೆಗೆದರೂ ನಾಲ್ಕು ಸುತ್ತಿನ ನಂತರ ಶೇ. 13ರಷ್ಟು ಹಳೆಯದೇ ಉಳಿದಿರುತ್ತದೆ. ಅದೇ ಜಾತಿಯ ಹಳೆಯ ಆಯಿಲಿಗೆ ಇದು ಸಾಕು. ತಪ್ಪು ಆಯಿಲ್ ಹೋಗಿದ್ದರೆ ಸಾಲದು. ಆಗ ಮುಂದಿನ ಚಕ್ರಗಳನ್ನು ಜಾಕ್‌ನಿಂದ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆಯಿಲನ್ನು ಡಬ್ಬಿಗೆ ವಾಪಸ್ ತರುವ ರಿಟರ್ನ್ ಹೋಸ್ ಕಳಚಿ ಬಾಟಲಿಗೆ ಬಿಡಿ, ಡಬ್ಬಿಯ ಆ ತೂತನ್ನು ಮುಚ್ಚಿ. ಎಂಜಿನ್ ಆಫ್ ಇರಲಿ. ಒಬ್ಬರು ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸುತ್ತಿದ್ದರೆ ಇನ್ನೊಬ್ಬರು ಡಬ್ಬಿ ಬರಿದಾಗದಂತೆ ಸುರಿಯುತ್ತಿರಬೇಕು. 2 ಲೀಟರ್ ಕೈಯಲ್ಲಿರಲಿ.

ಹೋಸ್ ಮತ್ತೆ ಹಾಕಿದ ಮೇಲೆ ಎಂಜಿನ್ ಆಫ್ ಇಟ್ಟೇ 15-20 ಸಲ ನಿಧಾನಕ್ಕೆ ತಿರುಗಿಸಿ, ಗಾಳಿ ಹೊರಬರಲಿ. ಆಮೇಲೆ ಸ್ಟಾರ್ಟ್. ತುದಿಯಲ್ಲಿ 5 ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಪಂಪ್ ಕಾದುಹೋಗುತ್ತದೆ. ಆಯಿಲ್ ನೊರೆನೊರೆಯಾಗಿ ಹಾಲಿನಂತೆ ಕಂಡರೆ ಗಾಳಿ ಇನ್ನೂ ಇದೆ. ಒಂದು ಗಂಟೆ ಬಿಟ್ಟು ಮತ್ತೆ ಮಾಡಿ.

ಮಟ್ಟ ನೋಡುವಾಗ ತಣ್ಣಗಿದ್ದರೆ ಕೋಲ್ಡ್ ಗೆರೆ, ಓಡಿಸಿ ಬಂದಿದ್ದರೆ ಹಾಟ್ ಗೆರೆ. ಈ ಆಯಿಲ್ ಉರಿದು ಖರ್ಚಾಗುವಂಥದ್ದಲ್ಲ. ಮತ್ತೆ ಮತ್ತೆ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ನೆಲದ ಮೇಲೆ ಹನಿ ಇಲ್ಲವೆಂದು ಬಿಡಬೇಡಿ. ರ್‍ಯಾಕ್‌ನ ಎರಡೂ ತುದಿಯ ರಬ್ಬರ್ ಬೂಟ್‌ಗಳನ್ನು ಹಿಸುಕಿ ನೋಡಿ. ಒಳಗೆ ಕುಲುಕಿದರೆ ಆಯಿಲ್ ಅಲ್ಲೇ ಕೂತಿದೆ, ಸೀಲ್ ಹೋಗಿದೆ.